ಇನ್ನೊಂದು ವಿಷ್ಯ ಸಾರ್…

ಮತ್ತೆ ಮತ್ತೆ ನೋಡುವವು, ಕಂತು 6 🧥

ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ತೋರಿಸಿಬಿಡುವ ಪತ್ತೇದಾರಿ ಸೀರಿಯಲ್‌ನ ಯಾರಾದ್ರೂ ನೋಡ್ತಾರಾ? ನಾನು ನೋಡ್ತೀನಿ. ಫಸ್ಟ್ ಸೆಮ್‌ನಿಂದ ಇವತ್ತಿನವರೆಗೂ ನೋಡ್ತಾನೇ ಇದ್ದೀನಿ. ಹೆಸರು ‘ಕೊಲಂಬೋ’. ಶ್ರೀಲಂಕಾದ ಊರಲ್ಲ, ಅಮೆರಿಕದ ಲಾಸ್ ಏಂಜಲೀಸ್‌ನ ಪೊಲೀಸ್ ಲೆಫ್ಟಿನೆಂಟ್.

ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಅನ್ನೋ ಇಬ್ಬರು ಸೃಷ್ಟಿಸಿದ ಪಾತ್ರ ಇದು. ಪೀಟರ್ ಫಾಲ್ಕ್ ಇದನ್ನು ಮೊದಲು ಮಾಡಿದ್ದು 1968ರ ಟಿವಿ ಸಿನಿಮಾದಲ್ಲಿ. 1971ರಲ್ಲಿ ಸರಣಿ ಶುರುವಾದಾಗ ಮೊದಲ ಕಂತು ನಿರ್ದೇಶಿಸಿದ್ದು ಯಾರು ಗೊತ್ತಾ? ಸ್ಟೀವನ್ ಸ್ಪೀಲ್‌ಬರ್ಗ್. ಆಗ ಅವರಿಗೆ 24 ವರ್ಷ. ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೆ.

ಕೊಲೆಗಾರರೆಲ್ಲ ದೊಡ್ಡ ಮನುಷ್ಯರು. ಲೇಖಕರು, ಡಾಕ್ಟರುಗಳು, ಸಿನಿಮಾ ತಾರೆಯರು. ಆ ಬಂಗಲೆಗೆ ಬರುವವನು ಕುಳ್ಳಗಿನ ಒಬ್ಬ ಮನುಷ್ಯ. ಮುದುಡಿದ ರೇನ್‌ಕೋಟು (ಅದು ಫಾಲ್ಕ್ ಅವರ ಸ್ವಂತದ್ದು), ಬಾಯಲ್ಲಿ ಸಿಗಾರು, ಹೊರಗೆ ನಿಂತಿರುವ ಹಳೇ ಪೂಜೋ 403 ಕಾರು. ಕೈಯಲ್ಲಿ ಗನ್ ಇಲ್ಲ. ಸುಮ್ಮನೆ ಪ್ರಶ್ನೆ ಕೇಳ್ತಾನೆ. ಮುಗೀತು ಅಂತ ಬಾಗಿಲವರೆಗೆ ಹೋಗಿ, ತಲೆ ಕೆರ್ಕೊಂಡು ವಾಪಸ್ ಬರ್ತಾನೆ. ‘ಇನ್ನೊಂದು ವಿಷ್ಯ ಸಾರ್…’

ಮೊದಲ ಸಲ ಆ ದೃಶ್ಯ ನೋಡಿದಾಗ ಹಾಸ್ಟೆಲ್ ಮಂಚದ ಮೇಲೆ ಎದ್ದು ಕೂತೆ. ಆ ಮನುಷ್ಯನ್ನ ನಾನು ಅದಕ್ಕೂ ಮೊದಲೇ ನೋಡಿದ್ದೆ.

ನಮ್ಮಪ್ಪ ಅರಸೀಕೆರೆಯಲ್ಲಿ ಸ್ಕೂಟರ್ ರಿಪೇರಿ ಮಾಡ್ತಾರೆ. ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಯಾರಾದ್ರೂ ಬಂದರೆ ಸ್ಪ್ಯಾನರ್ ಮುಟ್ಟಲ್ಲ. ‘ಬೆಳಿಗ್ಗೆ ಮಾತ್ರಾನಾ, ಮಧ್ಯಾಹ್ನಾನೂ ಹಿಂಗೇನಾ? ಮನೇಲಿ ಬೇರೆ ಯಾರಾದ್ರೂ ಓಡಿಸ್ತಾರಾ?’ ಕೊನೆಗೆ ಮಗ ಚೋಕ್ ಎಳೆದು ಹಾಗೇ ಓಡಿಸಿದ್ದು, ಪ್ಲಗ್ ಕಪ್ಪಾಗಿದ್ದು ಎಲ್ಲಾ ಹೊರಗೆ ಬರುತ್ತೆ.

ಅಡ್ಮಿಷನ್ ದಿನವೂ ಅಪ್ಪ ಹಾಗೇ ಮಾಡಿದ್ರು. ಮಾಸಿದ ಸ್ವೆಟರ್ ಹಾಕ್ಕೊಂಡು ಕೌಂಟರ್ ಮುಂದೆ ನಿಂತು, ‘ಇದ್ರಲ್ಲಿ ಮೆಸ್ ದುಡ್ಡು ಸೇರಿದ್ಯಾ ಸಾರ್?’ ಅಂದ್ರು. ಬಾಗಿಲವರೆಗೆ ಹೋಗಿ ಮತ್ತೆ ಬಂದ್ರು. ‘ಇನ್ನೊಂದು ವಿಷ್ಯ ಸಾರ್, ಡೆಪಾಸಿಟ್ಟಿಗೆ ಬೇರೆ ರಸೀದಿ ಕೊಡ್ತೀರಲ್ವಾ?’ ಕ್ಯೂನಲ್ಲಿ ಯಾರೋ ನಕ್ಕರು. ನಾನು ಕಂಬದ ಹಿಂದೆ ಸರಿದು, ಅವರು ಯಾರೋ ಅನ್ನೋ ಹಾಗೆ ಫೋನ್ ನೋಡ್ತಾ ನಿಂತೆ.

ಆ ಇಡೀ ವರ್ಷ ಕ್ಲಾಸಲ್ಲಿ ನಾನೂ ಒಂದು ಪ್ರಶ್ನೆ ಕೇಳಲಿಲ್ಲ. ಇಂಗ್ಲಿಷ್ ತಪ್ಪಾದ್ರೆ? ಎಲ್ಲರಿಗೂ ಗೊತ್ತಿರೋದೇ ಆಗಿದ್ರೆ? ನಿಮ್ಮಲ್ಲೂ ಅರ್ಧ ಜನ ಹೀಗೇ ಇದ್ದೀರಿ, ನನಗೆ ಗೊತ್ತು.

ನನ್ನ ಕಣ್ಣು ತೆರೆಸಿದ್ದು 1973ರ ಒಂದು ಕಂತು. ವೈನ್ ತಯಾರಿಸುವ ಒಬ್ಬ ರಸಿಕ ತನ್ನ ತಮ್ಮನನ್ನ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಏಸಿ ಆಫ್ ಮಾಡಿ ಸಾಯಿಸ್ತಾನೆ. ಕೊಲಂಬೋಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಹೋಗಿ ಕೇಳ್ತಾನೆ, ಕಲೀತಾನೆ. ಆಮೇಲೆ ಅದೇ ನೆಲಮಾಳಿಗೆಯ ಬಾಟಲಿಯನ್ನ ಗುಟ್ಟಾಗಿ ಹೋಟೆಲಲ್ಲಿ ಬಡಿಸೋ ಹಾಗೆ ಮಾಡ್ತಾನೆ. ಕೊಲೆಗಾರ ಒಂದು ಗುಟುಕು ಕುಡಿದು, ಬಿಸಿಗೆ ಕೆಟ್ಟಿದೆ ಅಂತ ರೇಗ್ತಾನೆ. ಏಸಿ ಆಫ್ ಆಗಿತ್ತು ಅನ್ನೋಕೆ ಇನ್ನೇನು ಸಾಕ್ಷಿ ಬೇಕು? ಎಲ್ಲಾ ಬಲ್ಲವನನ್ನ ಹಿಡಿದುಕೊಟ್ಟಿದ್ದು ಅವನ ನಾಲಿಗೆಯೇ. ಗೊತ್ತಿಲ್ಲ ಅಂತ ಒಪ್ಪಿಕೊಂಡವನು ಗೆದ್ದ.

ಒಂದು ವ್ಯತ್ಯಾಸ ಹೇಳಲೇಬೇಕು. ಕೊಲಂಬೋ ದಡ್ಡನ ಹಾಗೆ ಕಾಣೋದು ಅರ್ಧ ನಾಟಕ. ಅಪ್ಪನದ್ದು ನಾಟಕ ಅಲ್ಲ. ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ, ಆದರೂ ಕೇಳಿದ್ರು. ಅದಕ್ಕೆ ಇನ್ನೂ ಜಾಸ್ತಿ ಧೈರ್ಯ ಬೇಕು.

ಮೊನ್ನೆ ಹಾಸ್ಟೆಲ್ ಬಿಡುವಾಗ ಡೆಪಾಸಿಟ್ ವಾಪಸ್ ಕೊಡೋಕೆ ರಸೀದಿ ಕೇಳಿದ್ರು. ನಮ್ಮ ರೂಮಿನ ಮೂವರಲ್ಲಿ ಅದು ಇದ್ದದ್ದು ನನ್ನ ಹತ್ರ ಮಾತ್ರ.

ರಜೆಗೆ ಊರಿಗೆ ಹೋದಾಗ ಅಪ್ಪನನ್ನ ಪಕ್ಕ ಕೂರಿಸ್ಕೊಂಡು ಫೋನಲ್ಲಿ ಆ ಕಂತು ಹಾಕಿದೆ. ಇಂಗ್ಲಿಷ್ ಅರ್ಥ ಆಗಲ್ಲ, ನಾನೇ ಕನ್ನಡದಲ್ಲಿ ಹೇಳ್ತಾ ಹೋದೆ. ಮಧ್ಯದಲ್ಲಿ ಹೇಗೋ ಧೈರ್ಯ ಮಾಡಿ, ‘ಅಪ್ಪಾ, ಅಡ್ಮಿಷನ್ ದಿನ ನಾನು ಕಂಬದ ಹಿಂದೆ…’ ಅಂದೆ.

‘ಗೊತ್ತು ಕಣವ್ವ, ನೋಡಿದ್ದೆ’ ಅಂದ್ರು. ಕಣ್ಣು ಫೋನಿನ ಮೇಲೇ ಇತ್ತು.

ನಾನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದ್ರು:

‘ಅದಿರ್ಲಿ, ಪೊಲೀಸ್ ಅಂತೀಯಾ, ಸಂಬಳಾನೂ ಬರ್ತದೆ. ಆ ಕಾರನ್ನ ಯಾಕವ್ವ ಇನ್ನೂ ರಿಪೇರಿ ಮಾಡ್ಸಿಲ್ಲ?’

ನಾಳೆ ಕ್ಲಾಸಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ. ಯಾರಾದ್ರೂ ನಕ್ಕರೆ ನಗಲಿ. ಬಾಗಿಲವರೆಗೆ ಹೋಗಿದ್ರೂ ಪರವಾಗಿಲ್ಲ, ವಾಪಸ್ ಬನ್ನಿ.

#ಮತ್ತೆಮತ್ತೆನೋಡುವವು #ಕೊಲಂಬೋ #ಅಪ್ಪ