ಆರಿದ ಕೆಂಡ

ಧನುರ್ಮಾಸದ ಬೆಳಗಿನಲ್ಲಿ ಕಿವಿಗೆ ಮಫ್ಲರು ಸುತ್ತಿಕೊಂಡು ಬಿಳೇಕಹಳ್ಳಿಯಿಂದ ಕಾಲೇಜಿಗೆ ಹೊರಡುವ ನನ್ನನ್ನು ಕಂಡು ಮನೆಯಾಕೆ ನಗುವುದುಂಟು. ಬೆಂಗಳೂರಿನ ಚಳಿ ಅಷ್ಟೇನೂ ದೊಡ್ಡದಲ್ಲವೆಂಬುದನ್ನು ನಾನೂ ಬಲ್ಲೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ಈ ಊರಿನ ದಾಖಲೆ. ಆದರೆ ಚಳಿಯನ್ನು ಅಳೆಯಬೇಕಾದದ್ದು ಅದನ್ನು ತಾಳುವ ಮೈಯಿಂದ. ನಮ್ಮ ಬಸ್ಸು ಸಿಲ್ಕ್ ಬೋರ್ಡ್ ವೃತ್ತದ ವಾಹನಸಾಗರದಲ್ಲಿ ಸಿಕ್ಕಿಕೊಂಡಾಗಲೆಲ್ಲ, ಆ ಹೆಸರಿನ ಹಿಂದಿರುವ ಕೇಂದ್ರ ರೇಷ್ಮೆ ಮಂಡಳಿಯೂ, ಅದರ ಹಿಂದಿರುವ ಪುಟ್ಟ ಹುಳುವೂ ನನಗೆ ನೆನಪಾಗುತ್ತವೆ.

ನಮ್ಮದು ರಾಮನಗರದ ಕಡೆಯ ಹಳ್ಳಿ. ಹಿಪ್ಪುನೇರಳೆ, ತಟ್ಟೆ, ಚಂದ್ರಿಕೆಗಳ ನಡುವೆ ಬೆಳೆದವನು ನಾನು. ಹತ್ತನೆಯ ತರಗತಿಯಲ್ಲಿದ್ದಾಗ, ಸಂಕ್ರಾಂತಿಗೆ ಮುಂಚೆ, ನಮ್ಮ ಮನೆಯಲ್ಲಿ ಚಾಕಿ ನಡೆದಿತ್ತು. ಎಳೆಯ ಹುಳುವಿಗೆ 26ರಿಂದ 28 ಡಿಗ್ರಿಯ ಶಾಖ ಬೇಕು. ಹಗಲೆಲ್ಲ ಸೊಪ್ಪು ಕತ್ತರಿಸಿ ದಣಿದಿದ್ದ ಅಮ್ಮ, "ಕೆಂಡ ಆರದಂಗೆ ನೋಡ್ಕೊ ಮಗಾ" ಎಂದು ಹೇಳಿ ಮಲಗಿದಳು. ನಾನು ಕಾದಂಬರಿಯೊಂದನ್ನು ಹಿಡಿದು ಒಲೆಯ ಪಕ್ಕ ಕುಳಿತೆ. ಎಚ್ಚರವಾದಾಗ ನನ್ನ ಮೈಮೇಲೆ ಕಂಬಳಿಯಿತ್ತು. ಅಮ್ಮ ಬೂದಿ ಕೆದಕಿ ಹೊಸ ಕೆಂಡ ಹಾಕುತ್ತಿದ್ದಳು.

ಹುಳುಗಳು ಸತ್ತಿರಲಿಲ್ಲ; ಸೊಪ್ಪನ್ನು ಮುಟ್ಟದೆ ಜಡವಾಗಿದ್ದವು. ಮುಂದೆ ಜ್ವರಕ್ಕೆ ಕೂರುವಾಗ ಕೆಲವು ಮುಂದಾದವು, ಕೆಲವು ಹಿಂದುಳಿದವು. ಕಡೆಗೆ ರೋಗವೂ ತಗುಲಿತು. ಗೂಡು ಅರ್ಧದಷ್ಟೂ ಕೈಗೆ ಬರಲಿಲ್ಲ. ಆ ಹಣದಿಂದ ಬಿಡಿಸಬೇಕಾಗಿದ್ದ ಅಮ್ಮನ ಬಳೆಗಳು ಗಿರವಿಯಲ್ಲಿಯೇ ಉಳಿದವು. "ಹುಳ ಚಳಿ ತಡೆಯಲ್ಲ" ಎಂದಷ್ಟೇ ಅವಳು ಹೇಳಿದಳು. ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನೇನೋ!

ಆ ಮಾತು ಅರ್ಧ ಸತ್ಯವೆಂಬುದು ತಿಳಿದದ್ದು ಬಹುಕಾಲದ ಮೇಲೆ. ರೇಷ್ಮೆ ಹುಳು ನಮ್ಮ ನೆಲದ್ದಲ್ಲ. ಚೀನಾದಲ್ಲಿ ಮನುಷ್ಯನು ಸಾವಿರಾರು ವರ್ಷ ಸಾಕಿ ಪಳಗಿಸಿದ ಜೀವ. ಮೈಸೂರು ಸೀಮೆಯಲ್ಲಿ ಅದನ್ನು ನೆಲೆಗೊಳಿಸಿದವನು ಟಿಪ್ಪು ಸುಲ್ತಾನ. ಶೀತದೇಶಗಳ ದ್ವಿತಳಿಯ ಮೊಟ್ಟೆ ಇಟ್ಟಾಗ ಹಳದಿಯಾಗಿರುತ್ತದೆ. ಎರಡು ಮೂರು ದಿನಗಳಲ್ಲಿ ಕಪ್ಪಾಗಿ ದೀರ್ಘನಿದ್ರೆಗೆ ಇಳಿಯುತ್ತದೆ. ಅದರೊಳಗಿನ ಗ್ಲೈಕೋಜನ್ ಆಗ ಸಾರ್ಬಿಟಾಲ್, ಗ್ಲಿಸರಾಲ್‌ಗಳಾಗಿ ಮಾರ್ಪಡುತ್ತದೆ. ಸುಮಾರು 5 ಡಿಗ್ರಿಯ ತಂಪಿನಲ್ಲಿ ಕೆಲವು ತಿಂಗಳು ಕಳೆದ ಮೇಲೆಯೇ ಅದು ಎಚ್ಚರಕ್ಕೆ ಸಿದ್ಧವಾಗುವುದು. ಬೆಚ್ಚಗೆ ಇಟ್ಟೇ ಇದ್ದರೆ ಸಕಾಲಕ್ಕೆ ಏಳದು. ಜಪಾನಿನ ಅರಾಫುನೆಯಲ್ಲಿ ಬೆಟ್ಟದ ಬಂಡೆಗಳ ಸಂದಿನಿಂದ ಬೀಸುವ ತಣ್ಣನೆಯ ಗಾಳಿಯಲ್ಲಿ ಇಂಥ ಮೊಟ್ಟೆಗಳನ್ನು ಕಾಪಿಡುತ್ತಿದ್ದರು. 2014ರಲ್ಲಿ ಆ ಸ್ಥಳ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ರಾತ್ರಿಯ ಚಳಿಗೆ ಸೊರಗುವ ಜೀವಕ್ಕೆ ಹುಟ್ಟಲು ತಿಂಗಳುಗಟ್ಟಲೆಯ ಚಳಿ ಬೇಕು!

ಇನ್ನೂ ಸೋಜಿಗವೆಂದರೆ, ಈ ನಿದ್ರೆ ತಾಯಿಯಿಂದ ಬಂದದ್ದು. ತಾಯಿಚಿಟ್ಟೆ ತಾನು ಮೊಟ್ಟೆಯಲ್ಲಿದ್ದಾಗ 25 ಡಿಗ್ರಿಯ ಶಾಖವನ್ನೂ ದೀರ್ಘ ಬೆಳಕನ್ನೂ ಕಂಡಿದ್ದರೆ, ತನ್ನ ಮಕ್ಕಳನ್ನು ಬರಲಿರುವ ಚಳಿಗೆ ಸಜ್ಜುಗೊಳಿಸುತ್ತದೆ. 15 ಡಿಗ್ರಿಯ ಕತ್ತಲಲ್ಲಿ ಇದ್ದಿದ್ದರೆ ಆ ಸಿದ್ಧತೆಯಿಲ್ಲ. ನಮ್ಮ ಮೈಸೂರು ತಳಿಯಾದರೋ ಚಳಿಗಾಲವನ್ನೇ ಮರೆತಿದೆ. ಅದರ ಮೊಟ್ಟೆ ಸುಮಾರು ಹತ್ತು ದಿನಗಳಲ್ಲಿ ಮರಿಯಾಗುತ್ತದೆ. ನಾವು ಸಾಕುತ್ತಿದ್ದ ಮಿಶ್ರತಳಿಗೆ ತಂದೆ ಶೀತದೇಶದವನಾದರೂ ತಾಯಿ ಮೈಸೂರಿನವಳು. ಆದುದರಿಂದ ಆ ಮೊಟ್ಟೆಗಳೂ ನಿದ್ರಿಸುತ್ತಿರಲಿಲ್ಲ.

ಕಳೆದ ಪುಷ್ಯದಲ್ಲಿ ಅಮ್ಮ ಬಿಳೇಕಹಳ್ಳಿಗೆ ಬಂದಿದ್ದಳು. ಉಪನ್ಯಾಸಕನ ಅಭ್ಯಾಸದಂತೆ ಇದನ್ನೆಲ್ಲ ಅವಳಿಗೆ ವಿವರಿಸಿದೆ; ಕಡೆಗೆ, ಆ ಕೆಂಡ ಆರಿದ್ದು ನನ್ನಿಂದ ಎಂದೂ ಹೇಳಿದೆ. ಇಷ್ಟು ವರ್ಷ ಬಾಯಿಗೆ ಬಂದಿರದ ಮಾತು.

"ಮೊಟ್ಟೆ ಬ್ಯಾರೆ, ಮರಿ ಬ್ಯಾರೆ ಕಣಪ್ಪ" ಎಂದಳು ಅಮ್ಮ. "ಹುಳಕ್ಕೆ ಬೆಂಕಿ ಬೇಕು ಅಂದ್ಕೊಂಡು, ಓದೋ ಹುಡುಗನ್ನ ರಾತ್ರಿಯೆಲ್ಲ ಕೂರಿಸಿದ್ನಲ್ಲ, ಅದೇ ನನ್ನ ಕೊರಗು. ನಾನು ಬಂದಾಗ ನೀನು ನಡುಗ್ತಾ ಮಲಗಿದ್ದೆ. ನಿಂಗೆ ಕಂಬಳಿ ಹೊದಿಸಿ, ಆಮೇಲೆ ತಟ್ಟೆ ನೋಡ್ದೆ."

ಮರುದಿನ ಬೆಳಗ್ಗೆ ಮಫ್ಲರನ್ನು ನನ್ನ ಕಿವಿಗೆ ಸುತ್ತಿದವಳು ಅವಳೇ. ಅಂದು ಮನೆಯಾಕೆ ನಗಲಿಲ್ಲ.