ಪಕ್ಕದ ಪಾತ್ರದ ಸಯೀದ್ ಜಾಫ್ರಿ

ಸಿನಿಮಾ ಮುಗಿದ ಮೇಲೆ ನಮ್ಮ ಬಾಯಲ್ಲಿ ಉಳಿಯುವುದು ನಾಯಕ-ನಾಯಕಿಯರ ಹೆಸರು. ಮನಸ್ಸಿನಲ್ಲಿ ಉಳಿಯುವ ಮುಖ ಮಾತ್ರ ಕೆಲವೊಮ್ಮೆ ಬೇರೆಯವರದ್ದಾಗಿರುತ್ತದೆ. ನಮ್ಮಲ್ಲಿ ಅನೇಕರಿಗೆ ಅಂಥ ಒಂದು ಮುಖ ಸಯೀದ್ ಜಾಫ್ರಿಯವರದ್ದು. 1981ರ 'ಚಶ್ಮೆ ಬದ್ದೂರ್' ಚಿತ್ರದಲ್ಲಿ ಬಾಕಿ ಹಣಕ್ಕಾಗಿ ಹುಡುಗರ ಬೆನ್ನು ಹತ್ತುವ ಪಾನ್ ಅಂಗಡಿಯ ಲಲ್ಲನ್ ಮಿಯಾನನ್ನು ನಾವು ಇಂದಿಗೂ ಮರೆತಿಲ್ಲ.

ಪಂಜಾಬಿನ ಮಾಲೇರ್‌ಕೋಟ್ಲಾದಲ್ಲಿ 1929ರಲ್ಲಿ ಹುಟ್ಟಿದ ಅವರು ದಿಲ್ಲಿಯ ಆಕಾಶವಾಣಿಯಲ್ಲಿ ದುಡಿದು, ಅಮೆರಿಕದಲ್ಲಿ ನಾಟಕ ಕಲಿತು, ಮುಂದೆ ಲಂಡನ್ನಿನಲ್ಲಿ ನೆಲೆಸಿದರು. ಅಲ್ಲಿನ ತೆರೆಯಲ್ಲಿ ನಮ್ಮ ಕಡೆಯ ನಟನಿಗೆ ಸಿಗುತ್ತಿದ್ದ ವೇಷಗಳು ಬೆರಳೆಣಿಕೆಯಷ್ಟು: ದುಭಾಷಿ, ನವಾಬ, ಅಂಗಡಿಯವ. ಜಾಫ್ರಿ ಈ ಮೂರನ್ನೂ ಹಾಕಿದರು. 1975ರ 'ದ ಮ್ಯಾನ್ ಹೂ ವುಡ್ ಬಿ ಕಿಂಗ್'ನಲ್ಲಿ ಶಾನ್ ಕಾನರಿ, ಮೈಕೆಲ್ ಕೇನ್ ಎಂಬ ಇಬ್ಬರು ತಾರೆಗಳ ಪಕ್ಕದಲ್ಲಿ ಗೂರ್ಖಾ ದುಭಾಷಿ. 1984ರ ಟಿ.ವಿ. ಧಾರಾವಾಹಿ 'ದ ಜುವೆಲ್ ಇನ್ ದ ಕ್ರೌನ್'ನಲ್ಲಿ ನವಾಬ. 1999ರಲ್ಲಿ 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿಯಲ್ಲಿ ಅಂಗಡಿಯ ರವಿ ದೇಸಾಯಿ. ನಮ್ಮ ಸಾವನದುರ್ಗದ ಬಂಡೆಗಳ ನಡುವೆಯೂ ಚಿತ್ರೀಕರಣಗೊಂಡ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ (1984) ವಕೀಲ ಹಮೀದುಲ್ಲಾ ಕೂಡ ಅವರೇ.

ಅಚ್ಚು ಬೇರೆಯವರು ಮಾಡಿಟ್ಟದ್ದು. ಅದರೊಳಗೆ ಜೀವವಿರುವ ಮನುಷ್ಯನನ್ನು ತುಂಬಿದ್ದು ಜಾಫ್ರಿ. 1985ರ 'ಮೈ ಬ್ಯೂಟಿಫುಲ್ ಲಾಂಡ್ರೆಟ್'ನ ನಾಸಿರ್‌ನನ್ನು ನೋಡಿ. ಲಂಡನ್ನಿನಲ್ಲಿ ಹಣ ಮಾಡಿದ ಪಾಕಿಸ್ತಾನಿ ವ್ಯಾಪಾರಿ. ಅಣ್ಣನ ಮಗನಿಗೆ ದಾರಿ ತೋರಿಸುವ ಅಕ್ಕರೆಯ ಚಿಕ್ಕಪ್ಪ. ಬಾಡಿಗೆದಾರರನ್ನು ಬೀದಿಗೆ ಹಾಕುವ ಮನೆಮಾಲೀಕ. ಹೆಂಡತಿಯಿದ್ದೂ ಇನ್ನೊಬ್ಬಳ ಸಂಗ ಬಯಸುವ ದುರ್ಬಲ. ತೆರೆಯ ಮೇಲಿನ ಮುಸ್ಲಿಮನೆಂದರೆ ಒಂದೋ ಸಾಧು, ಇಲ್ಲವೇ ಖಳ ಎಂಬುದಕ್ಕೆ ಒಗ್ಗಿಹೋದ ನಮಗೆ ನಾಸಿರ್ ಬೇರೆಯೇ ಆಗಿ ಕಾಣುತ್ತಾನೆ. ಅವನನ್ನು ಮೆಚ್ಚಬೇಕಿಲ್ಲ, ದ್ವೇಷಿಸಲೂ ಆಗುವುದಿಲ್ಲ. ನಮಗೆ ಗೊತ್ತಿರುವ ಯಾರೋ ಒಬ್ಬರಂತೆ ಇದ್ದಾನೆ, ಅಷ್ಟೆ. ಆ ಪಾತ್ರಕ್ಕಾಗಿ ಅವರ ಹೆಸರು ಬಾಫ್ಟಾ ಪ್ರಶಸ್ತಿಯ ಪಟ್ಟಿಗೂ ಬಂತು.

ಸತ್ಯಜಿತ್ ರೇ ಅವರ 'ಶತ್ರಂಜ್ ಕೆ ಖಿಲಾಡಿ'ಯಲ್ಲಿ (1977) ಚದುರಂಗದ ಹುಚ್ಚಿನ ಮೀರ್ ಸಾಹೇಬರಾಗಿದ್ದ ಜಾಫ್ರಿ, 1982ರ 'ಗಾಂಧಿ'ಯಲ್ಲಿ ಸರ್ದಾರ್ ಪಟೇಲರಾದರು. ಹೆಸರು ಕೇಳಿಯೇ ಮನುಷ್ಯನ ಬೆಲೆ ಕಟ್ಟುವ ಅಭ್ಯಾಸ ಬೆಳೆಯುತ್ತಿರುವ ಈ ದಿನಗಳಲ್ಲಿ ಇದನ್ನು ನೆನೆಯಬೇಕೆನಿಸುತ್ತದೆ. ಇನ್ನೊಬ್ಬರ ಒಳಗಿಳಿದು ನೋಡುವುದು ನಟನ ಕಸುಬು. ಅಷ್ಟು ಹೊತ್ತಾದರೂ ಅವನ ಜೊತೆ ಇಳಿಯುವುದು ನೋಡುಗರಾದ ನಮ್ಮ ಪಾಲಿನ ಕೆಲಸ.

2015ರ ನವೆಂಬರಿನಲ್ಲಿ ಜಾಫ್ರಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ.