ಅಂಗೈಯಗಲದ ಜಾಗ

ನನ್ನ ಕ್ರೂಸರ್ ಬೈಕಿನ ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಗೈಯಗಲದ ಜಾಗವಿತ್ತು. ನೋಡಿದಾಗಲೆಲ್ಲ ಕಿರಿಕಿರಿ. ಪುಣೆಯ ಒಂದು ಗ್ಯಾರೇಜಿನಲ್ಲಿ ಹಟ ಹಿಡಿದು ಎರಡು ಇಂಚು ಗಿಡ್ಡನೆಯ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಾಡಿ ತಗ್ಗಿತು, ಚಂದವೂ ಕಂಡಿತು.

ಆ ಭಾನುವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸಂಘದ ಕಾರ್ಯಕ್ರಮಕ್ಕೆ ಹೊರಟೆ. ಕಾತ್ರಜ್ ಬಳಿ ಒಂದು ಹೊಂಡಕ್ಕೆ ಇಳಿದದ್ದೇ ತಡ, ಟೈರು ಮಡ್‌ಗಾರ್ಡಿಗೆ ಕರ್ರನೆ ಉಜ್ಜಿ ಗಾಡಿ ಓಲಾಡಿತು. ಬೀಳಲಿಲ್ಲ. ಆದರೆ ಅಮ್ಮ ನನ್ನ ಭುಜ ಹಿಡಿದ ಬಿಗಿ ಇನ್ನೂ ಮರೆತಿಲ್ಲ.

ಗೆಳೆಯರೇ, ಅದು ದಂಡದ ಜಾಗವಲ್ಲ. ಹೊಂಡ ಬಂದಾಗ, ಹಿಂದೆ ಒಬ್ಬರು ಕೂತಾಗ ಚಕ್ರ ಮೇಲೇಳಲು ಬಿಟ್ಟದ್ದು. ತಗ್ಗಿಸಲೇಬೇಕೆಂದರೆ ಮೊದಲು ಶಾಕ್‌ನ ಸ್ಪ್ರಿಂಗ್ ಬಿಚ್ಚಿ, ಅದನ್ನು ಪೂರ್ತಿ ಒತ್ತಿ ಕೂರಿಸಿ, ಟೈರು ಎಲ್ಲಿಯಾದರೂ ತಗಲುತ್ತದೆಯೇ ಎಂದು ನೋಡಬೇಕು. ಗಾಡಿ ತಗ್ಗಿದರೆ ಸೈಡ್ ಸ್ಟ್ಯಾಂಡ್ ಕೂಡ ಉದ್ದವೆನಿಸಿ ಗಾಡಿ ನೆಟ್ಟಗೆ ನಿಂತು ಉರುಳೀತು. ನಾನು ಎರಡನ್ನೂ ನೋಡಿರಲಿಲ್ಲ.

ಮರುದಿನವೇ ಹಳೆಯ ಶಾಕ್ ಮರಳಿ ಬಂದವು. ಈಗ ಅಮ್ಮ ಗಾಡಿ ಹತ್ತುವ ಮುನ್ನ ಬಗ್ಗಿ, ಆ ಸಂದಿಯಲ್ಲಿ ಅಂಗೈ ತೂರಿಸಿ ನೋಡುತ್ತಾರೆ. "ಕೈ ಹೋಗ್ತದೆ, ನಡಿ."